ಯೂರಿಯಾ ಇಲ್ಲದ ಸೋಯಾ: ಬ್ರೆಜಿಲ್ ಬೀಜದ ಮೇಲೆ ಎಣಿಸಿದ್ದು ಏನನ್ನು?

ಒಂದು ಟನ್ ಸೋಯಾ ಕಾಳು ಕಟ್ಟಲು ಗಿಡಕ್ಕೆ ಸುಮಾರು 80 ಕೆಜಿ ಸಾರಜನಕ ಬೇಕು. ಹೆಕ್ಟೇರಿಗೆ ಮೂರೂವರೆ ಟನ್ ಇಳುವರಿ ಬರಬೇಕಾದರೆ 280 ಕೆಜಿ. ಅಷ್ಟನ್ನೂ ಚೀಲದಿಂದ ಕೊಡುವುದಾದರೆ ಹೆಕ್ಟೇರಿಗೆ 600 ಕೆಜಿ ಯೂರಿಯಾ ದಾಟುತ್ತದೆ. ಹಾಕಿದ್ದರಲ್ಲಿ ಅರ್ಧದಷ್ಟೇ ಬೇರಿಗೆ ದಕ್ಕುವುದರಿಂದ ನಿಜವಾದ ಲೆಕ್ಕ ಅದರ ಇಮ್ಮಡಿ. ಜಗತ್ತಿನಲ್ಲೇ ಅತಿ ಹೆಚ್ಚು ಸೋಯಾ ಬೆಳೆದು ರಫ್ತು ಮಾಡುವ ಬ್ರೆಜಿಲ್, ವರ್ಷಕ್ಕೆ 15 ಕೋಟಿ ಟನ್ ಮೀರಿದ ಈ ಫಸಲಿಗೆ ಸಾರಜನಕ ಗೊಬ್ಬರವನ್ನು ಹೆಚ್ಚುಕಡಿಮೆ ಹಾಕುವುದೇ ಇಲ್ಲ. ಆ ಕೆಲಸವನ್ನು ಬೇರಿನ ಗಂಟುಗಳಲ್ಲಿರುವ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಾಡುತ್ತದೆ.

ಈ ಬ್ಯಾಕ್ಟೀರಿಯಾ ಬ್ರೆಜಿಲ್‌ನ ಸ್ವತ್ತೇನಲ್ಲ. ಬೀದರ್, ಬೆಳಗಾವಿ, ಧಾರವಾಡದ ಸೋಯಾ ರೈತರಿಗೂ ಈ ಗುಂಪಿನ ಬ್ಯಾಕ್ಟೀರಿಯಾ ತುಂಬಿದ ರೈಜೋಬಿಯಂ ಪೊಟ್ಟಣ ಹೊಸದಲ್ಲ. ವ್ಯತ್ಯಾಸ ಇರುವುದು ಬಿತ್ತುವ ಗಳಿಗೆಯಲ್ಲಿ ಒಂದೊಂದು ಕಾಳಿನ ಮೇಲೆ ಎಷ್ಟು ಜೀವಂತ ಕೋಶಗಳಿವೆ ಎಂಬುದರಲ್ಲಿ. ಬ್ರೆಜಿಲ್‌ನ ಸಂಶೋಧಕರು ಆ ಸಂಖ್ಯೆಯನ್ನು ಬಿಡದೆ ಎಣಿಸಿದರು, ಎಣಿಕೆಗೆ ಕಾನೂನಿನ ಬಲ ಕೊಡಿಸಿದರು, ಆ ಕೋಶಗಳು ಬದುಕುವಂತೆ ಮಣ್ಣನ್ನೂ ಸರಿಪಡಿಸಿದರು.

ದಾರಿ ತೆರೆದದ್ದು 1960ರ ದಶಕದಲ್ಲಿ. ಸೋಯಾ ತಳಿ ಅಭಿವೃದ್ಧಿ ಆಗಷ್ಟೇ ಚುರುಕಾಗುತ್ತಿದ್ದಾಗ, ಯುರೋಪಿನಿಂದ ಬಂದು ರಿಯೊ ಬಳಿಯ ಸೆರೊಪೆಡಿಕಾದಲ್ಲಿ ನೆಲೆ ನಿಂತಿದ್ದ ಮಣ್ಣುವಿಜ್ಞಾನಿ ಯೊಹಾನಾ ಡೊಬೆರೈನರ್ ಒಂದು ಹಟ ಹಿಡಿದರು: ತಳಿ ಆಯ್ಕೆಯ ತಾಕುಗಳಿಗೆ ಸಾರಜನಕ ಗೊಬ್ಬರ ಹಾಕಬಾರದು. ಗೊಬ್ಬರ ಉಂಡು ಬೆಳೆದ ತಾಕಿನಲ್ಲಿ ಬ್ಯಾಕ್ಟೀರಿಯಾ ಜೊತೆ ಸರಿಯಾಗಿ ಕೂಡದ ಗಿಡವೂ ಹಸಿರಾಗಿ ನಿಲ್ಲುತ್ತದೆ, ಗೆದ್ದು ಮುಂದಿನ ಸುತ್ತಿಗೆ ಹೋಗುತ್ತದೆ. ಗೊಬ್ಬರವಿಲ್ಲದ ತಾಕಿನಲ್ಲಿ ಗಂಟು ಕಟ್ಟದ ಗಿಡ ಹಳದಿಯಾಗಿ ಸೋಲುತ್ತದೆ. ಹೀಗೆ ಆಯ್ದ ತಳಿಗಳ ಸಂತಾನವೇ ಇಂದಿನ ಬ್ರೆಜಿಲ್ ಸೋಯಾ. ಎಂಬ್ರಾಪಾ ಎಂಬ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು ಆಮೇಲೆ, 1973ರಲ್ಲಿ. ಲೊಂಡ್ರಿನಾದ ಅದರ ಸೋಯಾ ಕೇಂದ್ರದಲ್ಲಿ ಇದೇ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದ ಮರಿಯಾಂಜೆಲಾ ಉಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಕಣ್ಣಿಗೆ ಕಾಣದ, ಬೆಲೆಯೂ ಕಡಿಮೆಯಿರುವ ಒಂದು ಒಳಸುರಿಗೆ ಇಷ್ಟು ವರ್ಷ ನಿಷ್ಠೆಯಿಂದ ದುಡಿದವರಿಗೆ ಸಿಕ್ಕ ಈ ಮನ್ನಣೆ ಬಹಳ ದೊಡ್ಡದು.

ಬ್ಯಾಕ್ಟೀರಿಯಾಕ್ಕಿಂತ ಮೊದಲು ಮಣ್ಣಿನ ಮಾತು. ಬ್ರೆಜಿಲ್‌ನ ನಡುಭಾಗದ ಸೆರಾಡೊ ಸುಮಾರು 20 ಕೋಟಿ ಹೆಕ್ಟೇರಿನ ಕುರುಚಲು ಹುಲ್ಲುಗಾವಲು. ಮಣ್ಣು ಆಳವಾಗಿದೆ, ಕೆಂಪಾಗಿದೆ, ನೀರು ಚೆನ್ನಾಗಿ ಬಸಿಯುತ್ತದೆ. ಆದರೆ ರಸಸಾರ 5ರ ಆಸುಪಾಸು, ರಂಜಕ ಇಲ್ಲವೆನ್ನುವಷ್ಟು ಕಡಿಮೆ, ಕರಗಿದ ಅಲ್ಯೂಮಿನಿಯಂ ಬೇರಿಗೆ ವಿಷ. ಅಲ್ಯೂಮಿನಿಯಂ ತಾಗಿದ ಬೇರಿನ ತುದಿ ಮೊಂಡಾಗುತ್ತದೆ, ಬೇರುಗೂದಲು ಹುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಒಳನುಗ್ಗುವ ಬಾಗಿಲೇ ಆ ಕೂದಲು. ಸುಣ್ಣವಿಲ್ಲದ ಹುಳಿಮಣ್ಣಿಗೆ ಎಷ್ಟೇ ಒಳ್ಳೆಯ ರೈಜೋಬಿಯಂ ಸುರಿದರೂ ವ್ಯರ್ಥ.

ಸುಣ್ಣದ ಪ್ರಮಾಣಕ್ಕೆ ಅಲ್ಲಿ ಬಳಸುವ ಸೂತ್ರ ಸರಳ. ಮಣ್ಣಿನ ಈಗಿನ ಪ್ರತ್ಯಾಮ್ಲ ಸಂತೃಪ್ತಿಯನ್ನು (ಮಣ್ಣಿನ ಹಿಡಿತದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಶೇಕಡಾ ಪಾಲು) ಗುರಿಯಿಂದ ಕಳೆಯಬೇಕು, ಉಳಿದದ್ದನ್ನು ಧನ ಅಯಾನು ವಿನಿಮಯ ಸಾಮರ್ಥ್ಯದಿಂದ (ಇಂಥ ಅಂಶಗಳನ್ನು ಹಿಡಿದಿಡುವ ಮಣ್ಣಿನ ಶಕ್ತಿ) ಗುಣಿಸಿ, ಹುಳಿ ತಗ್ಗಿಸುವ ಸುಣ್ಣದ ಶೇಕಡಾವಾರು ಸಾಮರ್ಥ್ಯದಿಂದ ಭಾಗಿಸಬೇಕು. ಸೆರಾಡೊದಲ್ಲಿ ಗುರಿ ಶೇ 50. ಈಗ ಶೇ 15 ಇದೆ, ವಿನಿಮಯ ಸಾಮರ್ಥ್ಯ 8, ಸುಣ್ಣದ ಸಾಮರ್ಥ್ಯ ಶೇ 80 ಎಂದಿಟ್ಟುಕೊಳ್ಳಿ: 35ನ್ನು 8ರಿಂದ ಗುಣಿಸಿ 80ರಿಂದ ಭಾಗಿಸಿದರೆ ಹೆಕ್ಟೇರಿಗೆ 3.5 ಟನ್. ಇದು ಮೇಲಿನ 20 ಸೆಂ.ಮೀ. ಮಣ್ಣಿನ ಲೆಕ್ಕ. ಬಿತ್ತನೆಗೆ ಎರಡು ಮೂರು ತಿಂಗಳು ಮೊದಲೇ, ಮಣ್ಣಿನಲ್ಲಿ ಹಸಿ ಇರುವಾಗ ಬೆರೆಸಬೇಕು; ಒಣಮಣ್ಣಿನಲ್ಲಿ ಸುಣ್ಣ ಸುಮ್ಮನೆ ಕೂತಿರುತ್ತದೆ. ಮೆಗ್ನೀಸಿಯಂ ಕೊರತೆ ಇದ್ದರೆ ಡಾಲೊಮೈಟ್ ಸುಣ್ಣ ಮೇಲು. ಅತಿಯಾದರೂ ತೊಂದರೆಯೇ: ಈ ಮಣ್ಣುಗಳಲ್ಲಿ ರಸಸಾರ 6 ದಾಟಿ ಮೇಲೇರುತ್ತಿದ್ದಂತೆ ಮ್ಯಾಂಗನೀಸ್ ಮತ್ತು ಸತು ಸಿಗದಾಗುತ್ತವೆ, ಎಳೆ ಎಲೆಗಳು ನರ ಬಿಟ್ಟು ಹಳದಿಯಾಗುತ್ತವೆ.

ಸುಣ್ಣ ಕೆಳಗಿಳಿಯುವುದಿಲ್ಲ, ಜಿಪ್ಸಂ ಇಳಿಯುತ್ತದೆ. 20 ಸೆಂ.ಮೀ. ಕೆಳಗಿನ ಪದರದಲ್ಲಿ ಅಲ್ಯೂಮಿನಿಯಂ ಸಂತೃಪ್ತಿ ಶೇ 20 ಮೀರಿದ್ದರೆ, ಜೇಡಿಯ ಶೇಕಡಾವಾರನ್ನು 50ರಿಂದ ಗುಣಿಸಿ ಅಷ್ಟು ಕೆಜಿ ಜಿಪ್ಸಂ ಹಾಕುತ್ತಾರೆ. ಶೇ 60 ಜೇಡಿಯಿದ್ದರೆ ಹೆಕ್ಟೇರಿಗೆ 3,000 ಕೆಜಿ. ಬೇರು ಆಳಕ್ಕೆ ಇಳಿದರೆ ನಡುವೆ ಬರುವ ಎರಡು ವಾರದ ಒಣಹವೆಯನ್ನು ಬೆಳೆ ತಾಳಿಕೊಳ್ಳುತ್ತದೆ. ಈ ಸುಣ್ಣದ ಮಾತು ಬೀದರ್, ಧಾರವಾಡದ ಕಪ್ಪು ಮಣ್ಣಿಗೆ ಅನ್ವಯಿಸದು, ಅಲ್ಲಿ ಸುಣ್ಣ ಮೊದಲೇ ಇದೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಮಾತ್ರ ಗುಣದಲ್ಲಿ ಸೆರಾಡೊದ ಹತ್ತಿರದ ನೆಂಟ.

ಇನ್ನು ಎಣಿಕೆ. ಸೋಯಾ ಏಷ್ಯಾದ ಬೆಳೆ, ಅದಕ್ಕೆ ಒಗ್ಗುವ ಬ್ಯಾಕ್ಟೀರಿಯಾ ಸೆರಾಡೊದ ಮಣ್ಣಿನಲ್ಲಿ ಇರಲಿಲ್ಲ. ಬ್ರೆಜಿಲ್‌ನಲ್ಲಿ ಅಧಿಕೃತವಾಗಿ ಶಿಫಾರಸಾದದ್ದು ನಾಲ್ಕೇ ಬ್ಯಾಕ್ಟೀರಿಯಾ ತಳಿ: ಸೆಮಿಯಾ ಎಂಬ ಸಂಗ್ರಹದ 587, 5019, 5079 ಮತ್ತು 5080. ಕಂಪನಿ ಯಾವುದೇ ಇರಲಿ, ಪೊಟ್ಟಣದೊಳಗೆ ಇವೇ ಇರಬೇಕು, ಪ್ರತಿ ಗ್ರಾಂ ಅಥವಾ ಮಿ.ಲೀ.ಗೆ ಕನಿಷ್ಠ 100 ಕೋಟಿ ಜೀವಂತ ಕೋಶಗಳಿರಬೇಕು. ರೈತರಿಗೆ ಕೊಟ್ಟ ಗುರಿ ಕಾಳೊಂದಕ್ಕೆ ಕನಿಷ್ಠ 12 ಲಕ್ಷ ಕೋಶ. ಹೊಸ ನೆಲವಾದರೆ ಅದರ ಎರಡು ಮೂರು ಪಟ್ಟು.

ಇದನ್ನು ನಮ್ಮ ಪೊಟ್ಟಣದ ಪಕ್ಕದಲ್ಲಿಟ್ಟು ನೋಡೋಣ. ಭಾರತದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿ.ಲೀ.ಗೆ 10 ಕೋಟಿ ಕೋಶ ಇದ್ದರೆ ಸಾಕು. 200 ಗ್ರಾಂ ಪೊಟ್ಟಣ 10 ಕೆಜಿ ಬೀಜಕ್ಕೆ ಎಂಬುದು ರೂಢಿ. ನೂರು ಕಾಳು 12 ಗ್ರಾಂ ತೂಗಿದರೆ 10 ಕೆಜಿಯಲ್ಲಿ ಸುಮಾರು 83,000 ಕಾಳು. ಪೊಟ್ಟಣದಲ್ಲಿ 1,000 ಕೋಟಿ ಕೋಶ. ಭಾಗಿಸಿದರೆ ಕಾಳಿಗೆ 1.2 ಲಕ್ಷ, ಅಂದರೆ ಬ್ರೆಜಿಲ್ ಗುರಿಯ ಹತ್ತರಲ್ಲಿ ಒಂದು. ಅದೂ ಎಲ್ಲ ಕೋಶಗಳೂ ಬದುಕಿದ್ದು, ಪುಡಿಯೆಲ್ಲ ಬೀಜಕ್ಕೆ ಅಂಟಿದ್ದರೆ ಮಾತ್ರ. ಅಂಗಡಿಯ ತಗಡಿನ ಮಾಡಿನ ಕೆಳಗೆ ಏಪ್ರಿಲ್, ಮೇ ಕಳೆದ ಪೊಟ್ಟಣದಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. "ರೈಜೋಬಿಯಂ ಹಾಕಿದೆ, ಏನೂ ಆಗಲಿಲ್ಲ" ಎನ್ನುವ ರೈತರ ಮಾತಿನಲ್ಲಿ ಸುಳ್ಳಿಲ್ಲ. ಕೊರತೆ ಇರುವುದು ಕನಿಷ್ಠ ಮಟ್ಟವನ್ನು ಇಷ್ಟು ಕೆಳಗಿಟ್ಟ ನಮ್ಮ ವ್ಯವಸ್ಥೆಯಲ್ಲಿ.

ಪೊಟ್ಟಣ ಹೆಚ್ಚಿಸಿದರೆ ಸಾಲದೇ? ಸಾಲದು. ಸೋಯಾ ಬೀಜದ ಸಿಪ್ಪೆ ತೀರಾ ತೆಳು. ಔಷಧಿ, ಸೂಕ್ಷ್ಮಪೋಷಕ, ಬ್ಯಾಕ್ಟೀರಿಯಾ ಎಲ್ಲ ಸೇರಿ 50 ಕೆಜಿ ಬೀಜಕ್ಕೆ 300 ಮಿ.ಲೀ. ದ್ರವ ಮೀರಬಾರದು ಎಂಬುದು ಬ್ರೆಜಿಲ್‌ನ ಶಿಫಾರಸು. ನಮ್ಮ 10 ಕೆಜಿಗೆ ಅದು 60 ಮಿ.ಲೀ. ಅದಕ್ಕಿಂತ ಹೆಚ್ಚಾದರೆ ಕಾಳು ಉಬ್ಬಿ ಸಿಪ್ಪೆ ಸುಲಿಯುತ್ತದೆ, ಕೂರಿಗೆಯಲ್ಲಿ ಬೀಜ ಕಟ್ಟಿಕೊಳ್ಳುತ್ತದೆ, ಮೊಳಕೆ ಕುಸಿಯುತ್ತದೆ. ಮಿ.ಲೀ.ಗೆ 10 ಕೋಟಿ ಕೋಶದ ದ್ರವದಿಂದ 12 ಲಕ್ಷದ ಗುರಿ ಮುಟ್ಟಲು 10 ಕೆಜಿ ಬೀಜಕ್ಕೆ ಒಂದು ಲೀಟರ್ ಬೇಕು! 200 ಕೋಟಿಯ ದ್ರವವಾದರೆ 50 ಮಿ.ಲೀ. ಸಾಕು. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬೆಲೆಯಲ್ಲ, ಹೆಸರಲ್ಲ. ಮಿ.ಲೀ.ಗೆ ಎಷ್ಟು ಕೋಶ, ತಯಾರಾದ ದಿನ ಯಾವುದು, ಸೋಯಾಗೇ ಮೀಸಲಾದ ಬ್ರಾಡಿರೈಜೋಬಿಯಂ ಹೌದೇ? ಶೇಂಗಾ ಅಥವಾ ಕಡಲೆಗೆಂದು ತಂದದ್ದನ್ನು ಸೋಯಾಗೆ ಸವರಿದರೆ ಗಂಟು ಬರುತ್ತದೆಂಬ ಭರವಸೆಯಿಲ್ಲ.

ಸವರುವ ಕ್ರಮವೂ ಮುಖ್ಯ. ಶಿಲೀಂಧ್ರನಾಶಕ ಮೊದಲು, ಅದು ಆರಿದ ಮೇಲೆ ಬ್ಯಾಕ್ಟೀರಿಯಾ, ಎಲ್ಲಕ್ಕಿಂತ ಕೊನೆಗೆ. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸುವುದು ಕೋಶಗಳನ್ನು ಕೈಯಾರೆ ಕೊಂದಂತೆ. ನೆರಳಿನಲ್ಲಿ ಸವರಿ, ನೆರಳಿನಲ್ಲೇ ಆರಿಸಿ, ಅಂದೇ ಬಿತ್ತಿ. ಪುಡಿ ಅಂಟಿಸಲು ಶೇ 10ರ ಸಕ್ಕರೆ ಅಥವಾ ಬೆಲ್ಲದ ನೀರು ಸಾಕು, ಕಾಯಿಸಿದ್ದರೆ ಪೂರ್ತಿ ತಣಿದಿರಬೇಕು. ಮಳೆ ಬಂದೀತೆಂದು ಒಣಮಣ್ಣಿಗೆ ಬಿತ್ತಿದರೆ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಮಳೆ ಬಂದು ಬೀಜ ಮೊಳೆತರೂ ಗಂಟು ವಿರಳ. ಕೋಬಾಲ್ಟ್, ಮಾಲಿಬ್ಡಿನಂ ಇಲ್ಲದೆ ಗಂಟು ಕೆಲಸ ಮಾಡದು. ಬ್ರೆಜಿಲ್‌ನಲ್ಲಿ ಹೆಕ್ಟೇರಿಗೆ 2–3 ಗ್ರಾಂ ಕೋಬಾಲ್ಟ್, 12–25 ಗ್ರಾಂ ಮಾಲಿಬ್ಡಿನಂ ಕೊಡುತ್ತಾರೆ. ಈ ಲವಣಗಳೂ ಬ್ಯಾಕ್ಟೀರಿಯಾಕ್ಕೆ ಹಿತವಲ್ಲ, ಆದ್ದರಿಂದ ಬೀಜಕ್ಕೆ ಸವರುವ ಬದಲು ಗಿಡ ಮೂರರಿಂದ ಐದು ಎಲೆಯ ಹಂತದಲ್ಲಿರುವಾಗ ಸಿಂಪಡಿಸುವುದು ಒಳಿತು. ಬೀಜ ಮೊದಲೇ ರಾಸಾಯನಿಕ ಲೇಪಿಸಿ ಬಂದಿದ್ದರೆ ಬ್ಯಾಕ್ಟೀರಿಯಾವನ್ನು ನೀರಿನೊಂದಿಗೆ ಬಿತ್ತನೆ ಸಾಲಿಗೇ ಬಿಡಬಹುದು, ಪ್ರಮಾಣ ಮಾತ್ರ ಎರಡೂವರೆ ಪಟ್ಟು ಬೇಕು.

ಇಷ್ಟೆಲ್ಲ ಮಾಡಿ ಮೇಲೆ ಸಾರಜನಕ ಸುರಿದರೆ ಗಿಡ ಗಂಟು ಕಟ್ಟುವ ಗೊಡವೆಗೇ ಹೋಗುವುದಿಲ್ಲ. ಬಿತ್ತನೆಯ ಗೊಬ್ಬರದಲ್ಲಿ ಹೆಕ್ಟೇರಿಗೆ 20 ಕೆಜಿ ಸಾರಜನಕ ಮೀರಬಾರದು ಎಂಬುದು ಅಲ್ಲಿಯ ಮಿತಿ. 50 ಕೆಜಿಯ ಒಂದು ಚೀಲ ಡಿಎಪಿಯಲ್ಲೇ 9 ಕೆಜಿ ಇದೆ. ಎಕರೆಗೆ ಎರಡು ಚೀಲ ಹಾಕಿದರೆ ಹೆಕ್ಟೇರಿಗೆ 45 ಕೆಜಿ ಆಯಿತು. ರಂಜಕವನ್ನು ಸೂಪರ್ ಫಾಸ್ಫೇಟಿನಿಂದ ಕೊಟ್ಟರೆ ಈ ತೊಡಕು ಇರದು, ಜೊತೆಗೆ ಗಂಧಕವೂ ಸಿಗುತ್ತದೆ.

ಹಿಂದಿನ ವರ್ಷ ಸೋಯಾ ಇದ್ದ ಹೊಲದಲ್ಲಿ ಬ್ಯಾಕ್ಟೀರಿಯಾ ಮೊದಲೇ ಇರುತ್ತದಲ್ಲ ಎನ್ನುವ ಪ್ರಶ್ನೆ ಅಲ್ಲಿಯೂ ಬಂದಿತ್ತು. ಪ್ರತಿವರ್ಷ ಮತ್ತೆ ಸವರಿದರೆ ಸರಾಸರಿ ಶೇ 8ರಷ್ಟು ಇಳುವರಿ ಏರುತ್ತದೆ ಎಂಬುದು ಎಂಬ್ರಾಪಾ ಪ್ರಯೋಗಗಳ ಉತ್ತರ. ಮಣ್ಣಿನ ಹಳೆಯ ಸಂತತಿ ಗಟ್ಟಿಮುಟ್ಟಾಗಿರುತ್ತದೆ, ಆದರೆ ಸಾರಜನಕ ಹಿಡಿಯುವುದರಲ್ಲಿ ಸೋಮಾರಿಯಾಗಿರಬಹುದು. ಹೊಸ ಕೋಶಗಳು ಮೊಳಕೆಯ ಹತ್ತಿರವೇ ಇದ್ದರೆ ಮೊದಲ ಗಂಟುಗಳು ಅವುಗಳ ಪಾಲಾಗುತ್ತವೆ. 2009ರಲ್ಲಿ ಮುಸುಕಿನ ಜೋಳ, ಗೋಧಿಗೆಂದು ಬಂದ ಅಜೋಸ್ಪಿರಿಲಂ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಎಬಿವಿ 5, ಎಬಿವಿ 6 ತಳಿಗಳನ್ನು ಆಮೇಲೆ ಸೋಯಾಗೂ ಜೊತೆಯಾಗಿ ಸವರತೊಡಗಿದರು. ಬೇರುಗೂದಲು ಹೆಚ್ಚಿಸಿ ಬಾಗಿಲು ಅಗಲ ಮಾಡುವುದು ಅದರ ಕೆಲಸ. ಅದರ ಪ್ರಮಾಣ ಮೀರಿದರೆ ಬೇರಿನ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಬ್ಯಾಕ್ಟೀರಿಯಾಕ್ಕೆ ತಂಪು ಬೇಕು, ಆ ತಂಪು ಬರುವುದು ಹೊದಿಕೆಯಿಂದ. 1972ರಲ್ಲಿ ಪರಾನಾ ರಾಜ್ಯದ ರೊಲಾಂಡಿಯಾದಲ್ಲಿ ಹರ್ಬರ್ಟ್ ಬಾರ್ಟ್ಜ್ ಎಂಬ ರೈತ ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಉಳುಮೆ ನಿಲ್ಲಿಸಿದರು. ಇಂದು 3 ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಶೂನ್ಯ ಉಳುಮೆ ನಡೆಯುತ್ತಿದೆ. ಸೋಯಾ ಕೊಯ್ಲಾದ ಕೂಡಲೇ ಮುಸುಕಿನ ಜೋಳ, ಅದರ ಸಾಲುಗಳ ನಡುವೆ ಬ್ರಾಕಿಯಾರಿಯಾ ಹುಲ್ಲು. ಜೋಳ ಕೊಯ್ದ ಮೇಲೆ ಹುಲ್ಲು ಬೆಳೆದು ಮುಂದಿನ ಸೋಯಾಗೆ ಹೊದಿಕೆಯಾಗುತ್ತದೆ. ಹುಲ್ಲು ಬಿಟ್ಟು ಬರೀ ಸೋಯಾ-ಜೋಳ ಮಾಡುವವರೂ ಬಹಳ. ಅದನ್ನು ಬೆಳೆ ಪರಿವರ್ತನೆ ಎನ್ನಲು ಬಾರದು, ನೆಲ ಬೆತ್ತಲಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಈ ವ್ಯತ್ಯಾಸ ತೋರಿಸಲು ಎಂಬ್ರಾಪಾ 2020ರಲ್ಲಿ ಬಯೋಆಸ್ ಎಂಬ ಮಣ್ಣು ಪರೀಕ್ಷೆ ತಂದಿತು. ಮೇಲಿನ 10 ಸೆಂ.ಮೀ. ಮಣ್ಣಿನಲ್ಲಿ ಬೀಟಾ ಗ್ಲುಕೊಸಿಡೇಸ್, ಅರೈಲ್‌ಸಲ್ಫಟೇಸ್ ಎಂಬ ಎರಡು ಕಿಣ್ವ ಅಳೆಯುತ್ತಾರೆ; ಸಾವಯವ ಅಂಶದ ಏರಿಳಿತ ಕಾಣಿಸುವ ವರ್ಷಗಳ ಮೊದಲೇ ಅವು ಬದಲಾಗುತ್ತವೆ.

ಯೂರಿಯಾ ಉಳಿಸಿತು ಎಂದ ಮಾತ್ರಕ್ಕೆ ಬ್ರೆಜಿಲ್‌ನ ಸೋಯಾ ಸುಸ್ಥಿರ ಎಂದು ಒಪ್ಪಲಾಗದು. ಸೆರಾಡೊದ ಸಹಜ ಹಸಿರಿನಲ್ಲಿ ಸುಮಾರು ಅರ್ಧ ಈಗಿಲ್ಲ. 2012ರ ಅರಣ್ಯ ಸಂಹಿತೆ ಅಮೆಜಾನ್ ಕಾಡಿನ ಜಮೀನಿನಲ್ಲಿ ಶೇ 80 ಕಾಡು ಉಳಿಸಬೇಕೆನ್ನುತ್ತದೆ, ಸೆರಾಡೊದ ಬಹುಭಾಗದಲ್ಲಿ ಬರೀ ಶೇ 20. ಅದೇ ವಿಜ್ಞಾನ ಹಾಳುಬಿದ್ದ ಹುಲ್ಲುಗಾವಲನ್ನು ಮತ್ತೆ ಹೊಲ ಮಾಡಲೂ ಬಲ್ಲದು, ಹೊಸ ಕಾಡು ಕಡಿಯುವುದನ್ನು ಲಾಭದಾಯಕ ಮಾಡಲೂ ಬಲ್ಲದು. ಇವೆರಡರಲ್ಲಿ ಯಾವುದು ಎಂಬುದು ಪ್ರಯೋಗಾಲಯದ ಕೈಯಲ್ಲಿಲ್ಲ.

ನಿಮ್ಮ ಹೊಲದಲ್ಲಿ ಕೆಲಸ ಆಗಿದೆಯೇ ಎಂದು ತಿಳಿಯಲು ಒಂದು ಸಲಿಕೆ, ಒಂದು ಬ್ಲೇಡು ಸಾಕು. ಮೊಳಕೆಯೊಡೆದು 15–20 ದಿನಕ್ಕೆ ಹೊಲದ ಬೇರೆ ಬೇರೆ ಕಡೆ ಹತ್ತು ಗಿಡಗಳನ್ನು ಮಣ್ಣುಸಮೇತ ಅಗೆದು ತೆಗೆಯಿರಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಗಿಡಕ್ಕೆ 4–8 ಗಂಟು ಇರಬೇಕು, ಹೂವಾಡುವಾಗ 15–30. ತಾಯಿಬೇರಿನ ಮೇಲ್ಭಾಗದಲ್ಲಿ ಗುಂಪಾಗಿದ್ದರೆ ಅವು ನೀವು ಬೀಜಕ್ಕೆ ಸವರಿದ್ದರ ಫಲ. ಕವಲು ಬೇರುಗಳಲ್ಲಿ ಚದುರಿದ್ದರೆ ಹೆಚ್ಚಾಗಿ ಮಣ್ಣಿನ ಹಳೆಯ ಸಂತತಿ. ಗಂಟನ್ನು ಸೀಳಿ: ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಸಾರಜನಕ ಹಿಡಿಯುತ್ತಿದೆ, ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ನಿಷ್ಫಲ, ಹಸಿರಾಗಿದ್ದರೆ ಅದರ ಕೆಲಸ ಮುಗಿದಿದೆ. ಹೂವಿನ ಹೊತ್ತಿಗೂ ಗಂಟಿಲ್ಲದೆ ಗಿಡ ಹಳದಿಯಾಗಿದ್ದರೆ ಆ ಬೆಳೆಗೆ ಯೂರಿಯಾ ಕೊಡಲೇಬೇಕು, ಹಿಂಜರಿಯಬೇಡಿ. ಎಣಿಸಿದ ಗಂಟಿನ ಸಂಖ್ಯೆಯ ಪಕ್ಕದಲ್ಲಿ ಪೊಟ್ಟಣದ ಬ್ಯಾಚ್ ಸಂಖ್ಯೆ, ಸವರಿದ ಹೊತ್ತು, ಬಿತ್ತಿದ ಹೊತ್ತು ಬರೆದಿಡಿ. ಮುಂದಿನ ಮುಂಗಾರಿಗೆ ಅಂಗಡಿಗೆ ಹೋಗುವಾಗ ಆ ಹಾಳೆ ಜೇಬಿನಲ್ಲಿರಲಿ.