ಮೋರಿಗೆ ಹೋದ ಮಾತ್ರೆ ಮತ್ತು ಎಸ್‌ಟಿಪಿಯ ಹಳೇ ಲೆಕ್ಕ

ಬೆಂಗಳೂರಿನ ಕೊಳಚೆ ನೀರಿನ ಬಗ್ಗೆ ಎರಡು ಥರದ ಸುದ್ದಿ ಓದಿ ಓದಿ ಜನಕ್ಕೆ ಗೊಂದಲವಾಗಿದೆ. ಶುದ್ಧೀಕರಿಸಿದ ನೀರನ್ನು ಇನ್ನೂ ಜಾಸ್ತಿ ಬಳಸಿ ಎಂದು ಒಂದು ದಿನ ಹೇಳುತ್ತಾರೆ. ಗಿಡಕ್ಕೆ ಹಾಕಿ, ಕಟ್ಟಡ ಕೆಲಸಕ್ಕೆ ಬಳಸಿ, ಕೆರೆ ತುಂಬಿಸಿ. ಮರುದಿನ ನೋಡಿದರೆ, ಕೊಳಚೆ ನೀರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇವೆ ಎಂಬ ವರದಿ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ. ಅದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದರೆ ಅದೆಲ್ಲ ಮೈಯಲ್ಲೇ ಮುಗಿದುಹೋಗುವುದಿಲ್ಲ. ಅಮಾಕ್ಸಿಸಿಲಿನ್‌ನ ಸುಮಾರು 60% ಭಾಗ ಆರೆಂಟು ಗಂಟೆಯೊಳಗೆ ಇದ್ದ ಹಾಗೇ ಮೂತ್ರದಲ್ಲಿ ಹೊರಬರುತ್ತದೆ. ಸಿಪ್ರೊಫ್ಲಾಕ್ಸಸಿನ್ ಆದರೆ 40ರಿಂದ 50%. ಫ್ಲಶ್ ಮಾಡಿದ ಮೇಲೆ ಅದು ಯುಜಿಡಿ (ನೆಲದಡಿಯ ಒಳಚರಂಡಿ) ಪೈಪಿನ ಪಾಲು. ಅಲ್ಲಿಂದ ಮುಂದೆ ಎರಡು ವಿಷಯಗಳಿವೆ. ನೀರಲ್ಲಿ ಉಳಿದ ಔಷಧದ ಅಂಶ ಒಂದು. ಆ ಔಷಧಕ್ಕೆ ಸಾಯದೆ ಉಳಿಯುವ ಬ್ಯಾಕ್ಟೀರಿಯಾ ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಆದರೆ ಅಂಥ ಬ್ಯಾಕ್ಟೀರಿಯಾ ನಮ್ಮ ಕರುಳಿನಿಂದ ನೇರವಾಗಿಯೂ ಪೈಪಿಗೆ ಇಳಿಯುತ್ತವೆ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುವುದರಿಂದಲೇ ಅರ್ಧ ಗೊಂದಲ.

ಊರಿನ ಕೊಳಚೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1898ರಲ್ಲಿ ಪ್ಲೇಗ್ ಬಂತು, ಊರು ಪೇಟೆಯಿಂದ ಆಚೆಗೆ ಹರಡಿತು, ಹೊಸ ಬಡಾವಣೆಗಳಲ್ಲಿ ಮನೆಗಳ ಹಿಂದೆ ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ನೀರು ಬಂತು. ಬಂದ ನೀರು ಹೋಗಲೂ ಬೇಕಲ್ಲ? ಅದೇ ದಶಕದಲ್ಲಿ ವೃಷಭಾವತಿ ಕಣಿವೆಯಲ್ಲೂ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲೂ ಕೊಳಚೆ ನೀರಿನ ದೊಡ್ಡ ಸಂಸ್ಕರಣಾ ಘಟಕಗಳು (ಎಸ್‌ಟಿಪಿ) ಎದ್ದವು. ಬೆಂಗಳೂರು ದಿಬ್ಬದ ಮೇಲಿನ ಊರು, ನೀರು ತಾನಾಗೇ ಇಳಿದು ಹೋಗುತ್ತದೆ. ನಾತ ಕಡಿಮೆ ಮಾಡಿ ಕೆಳಗೆ ಬಿಟ್ಟರೆ ಕೆಲಸ ಮುಗಿಯಿತು ಎನ್ನುವ ಕಾಲ ಅದು. ಅಳೆಯುತ್ತಿದ್ದದ್ದೂ ಅದಕ್ಕೆ ತಕ್ಕ ಹಾಗೆ. ಬಿಒಡಿ (ನೀರಿನ ಕೊಳೆ ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) ಎಷ್ಟು, ತೇಲುವ ಕಸ ಎಷ್ಟು, ಅಷ್ಟೇ.

ಊರು ಬೆಳೆಯಿತು, ಕ್ಲಿನಿಕ್‌ಗಳು ಬೆಳೆದವು, ಮೆಡಿಕಲ್ ಶಾಪ್‌ಗಳಂತೂ ಬೀದಿಗೊಂದಾದವು. ಜ್ವರ, ನೆಗಡಿ, ಭೇದಿ ಯಾವುದಕ್ಕೂ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಸಿಗುತ್ತಿತ್ತು. 2014ರ ಮಾರ್ಚ್‌ನಿಂದ ಕೆಲವು ಔಷಧಗಳನ್ನು ಎಚ್1 ಪಟ್ಟಿಗೆ ಸೇರಿಸಿ, ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು ಎಂಬ ನಿಯಮ ಬಂತು. ಅದು ಮಾರಾಟದ ಲೆಕ್ಕ. ಮೋರಿಗೆ ಹೋದದ್ದರ ಲೆಕ್ಕ ಆ ರಿಜಿಸ್ಟರ್‌ನಲ್ಲಿ ಬರುವುದಿಲ್ಲ. ಆಸ್ಪತ್ರೆಯ ಮೋರಿಯ ಮೇಲೇ ಎಲ್ಲರ ಕಣ್ಣು. ಆದರೆ ಆ್ಯಂಟಿಬಯಾಟಿಕ್‌ನ ಬಹುಪಾಲು ನುಂಗುವುದು ಮನೆಯಲ್ಲಿ ಕೂತ ರೋಗಿಗಳೇ. ಅದೆಲ್ಲ ಮಾಮೂಲಿ ಮನೆಯ ಪೈಪಿನಲ್ಲೇ ಹೋಗುತ್ತದೆ.

ಈ ಕಥೆಯಲ್ಲಿ ನಿಜವಾದ ತಿರುವು ಬಂದದ್ದು ಅಪಾರ್ಟ್‌ಮೆಂಟ್‌ಗಳಿಂದ. 2000ದ ನಂತರ ಊರಿನ ಅಂಚಿನಲ್ಲಿ ಯುಜಿಡಿ ಮುಟ್ಟುವ ಮೊದಲೇ ಹತ್ತಾರು ಮಹಡಿಯ ಕಟ್ಟಡಗಳು ಎದ್ದವು. ಒಳಗಿನ ಕೊಳಚೆ ಒಳಗೇ ಶುದ್ಧವಾಗಲಿ ಎಂದು ನಿಯಮ ಮಾಡಿದರು. ಈಗ ಇಂಥ ಖಾಸಗಿ ಎಸ್‌ಟಿಪಿಗಳು ಊರಲ್ಲಿ ಸಾವಿರಾರು ಇವೆ. ಜಲಮಂಡಳಿಯ ದೊಡ್ಡ ಘಟಕಗಳು 30ಕ್ಕೂ ಹೆಚ್ಚು. ಕೊಳಚೆ ಸಂಸ್ಕರಣೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇಸ್‌ಮೆಂಟ್‌ಗಳಿಗೆ ಹಂಚಿಕೊಟ್ಟ ಊರುಗಳು ಕಡಿಮೆ.

ಆ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಸದ್ದು, ಸ್ವಲ್ಪ ಒದ್ದೆ ಮಣ್ಣಿನ ವಾಸನೆ. ಆಪರೇಟರ್ ಏರೇಷನ್ ಟ್ಯಾಂಕಿನಿಂದ ಒಂದು ಲೀಟರ್ ಅಳತೆಯ ಗಾಜಿನ ಜಾಡಿಗೆ ನೀರು ತುಂಬಿ ಬೆಳಕಿಗೆ ಹಿಡಿದು ಇಡುತ್ತಾನೆ. ಅರ್ಧ ಗಂಟೆ ಬಿಟ್ಟರೆ ಕಂದು ಸ್ಲಡ್ಜ್ ಕೆಳಗೆ ಕೂರುತ್ತದೆ, ಮೇಲೆ ತಿಳಿನೀರು. ಸ್ಲಡ್ಜ್ ಎಷ್ಟು ಗೆರೆವರೆಗೆ ಕೂತಿದೆ ಅಂತ ಲಾಗ್‌ಬುಕ್‌ನಲ್ಲಿ ಬರೆಯುತ್ತಾನೆ. ಪಿಎಚ್, ಕ್ಲೋರಿನ್ ಬರೆಯುತ್ತಾನೆ. ಪ್ಲಾಂಟ್ ಆರೋಗ್ಯವಾಗಿದೆಯೋ ಇಲ್ಲವೋ ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ. ಜಾಡಿಯ ತಿಳಿನೀರಲ್ಲಿ ಔಷಧ ಇದೆಯೋ ಇಲ್ಲವೋ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಆ ಕಂದು ಸ್ಲಡ್ಜ್ ಕಸವಲ್ಲ, ಕೆಲಸ ಮಾಡುವ ಬ್ಯಾಕ್ಟೀರಿಯಾ. ಕೂತ ಸ್ಲಡ್ಜ್‌ನ ಒಂದು ಭಾಗವನ್ನು ಮತ್ತೆ ಏರೇಷನ್ ಟ್ಯಾಂಕಿಗೆ ಪಂಪ್ ಮಾಡುತ್ತಾರೆ. ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಹಾಗೆ. ತೊಡಕು ಇರುವುದೂ ಇಲ್ಲೇ. ಹೊಟ್ಟೆಯಿಂದ ಬಂದ ಬ್ಯಾಕ್ಟೀರಿಯಾ, ಮಣ್ಣಿನ ಬ್ಯಾಕ್ಟೀರಿಯಾ, ಸಣ್ಣ ಪ್ರಮಾಣದ ಔಷಧ, ಮೂರೂ ಒಂದೇ ಟ್ಯಾಂಕಿನಲ್ಲಿ ದಿನಗಟ್ಟಲೆ ಇರುತ್ತವೆ. ಔಷಧವನ್ನು ತಡೆದುಕೊಳ್ಳುವ ಜೀನ್‌ಗಳನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸಿಕೊಳ್ಳಬಲ್ಲವು. ಅದಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಎಲ್ಲ ಔಷಧವೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಅಮಾಕ್ಸಿಸಿಲಿನ್ ಬೇಗ ಒಡೆದುಹೋಗುತ್ತದೆ. ಸಿಪ್ರೊಫ್ಲಾಕ್ಸಸಿನ್ ಒಡೆಯುವುದಕ್ಕಿಂತ ಸ್ಲಡ್ಜ್‌ಗೆ ಅಂಟಿಕೊಳ್ಳುವುದೇ ಜಾಸ್ತಿ. ನೀರಿನಿಂದ ಹೋಯಿತು ಅಂತ ಖುಷಿಪಟ್ಟರೆ, ಗೊಬ್ಬರವಾಗಿ ಹೋಗುವ ಸ್ಲಡ್ಜ್‌ನಲ್ಲಿ ಕೂತಿರುತ್ತದೆ. ಸಲ್ಫಾಮೆಥಾಕ್ಸಜೋಲ್ ನೀರಿನ ಜೊತೆಗೇ ಹೊರಡುತ್ತದೆ. ಕೊನೆಗೆ ಹಾಕುವ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲಬಹುದು, ಅವುಗಳ ಜೀನ್‌ಗಳೂ ನಾಶವಾಗುತ್ತವೆ ಎಂಬ ಗ್ಯಾರಂಟಿ ಇಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಸುತ್ತು ಇದೆ. ಶುದ್ಧವಾದ ನೀರು ಬೇರೆ ಪೈಪಿನಲ್ಲಿ ಮತ್ತೆ ಫ್ಲಶ್ ಟ್ಯಾಂಕಿಗೆ ಬರುತ್ತದೆ. ಒಡೆಯದೆ ಉಳಿದ ಔಷಧವೂ ಜೊತೆಗೆ ಬಂದು ಇನ್ನೊಮ್ಮೆ ಪ್ಲಾಂಟಿಗೆ ಇಳಿಯುತ್ತದೆ. ಲಕ್ಷಾಂತರ ಮನೆಗಳ ಕೊಳಚೆ ಬೆರೆಯುವ ಕಡೆ ಒಬ್ಬರ ಮಾತ್ರೆ ತೆಳುವಾಗಿಹೋಗುತ್ತದೆ, 80 ಮನೆಯ ಕಟ್ಟಡದಲ್ಲಿ ಅಷ್ಟು ಆಗುವುದಿಲ್ಲ. ಮೇಲಿಂದ ರಾತ್ರಿ ಬ್ಲೋವರ್ ಸದ್ದಿಗೆ ನಿದ್ದೆ ಬರಲ್ಲ ಅಂತ ಗ್ರೌಂಡ್ ಫ್ಲೋರ್‌ನವರು ಗೊಣಗುತ್ತಾರೆ, ಕರೆಂಟ್ ಬಿಲ್ ನೋಡಿ ಕಮಿಟಿಯವರು ತಲೆ ಕೆರೆದುಕೊಳ್ಳುತ್ತಾರೆ, ಬ್ಲೋವರ್ ಕೆಲವು ಗಂಟೆ ಆಫ್. ಗಾಳಿ ಇಲ್ಲದೆ ಬ್ಯಾಕ್ಟೀರಿಯಾ ಸೊರಗುತ್ತವೆ. ಬಿಒಡಿಯೇ ಸರಿಯಾಗಿ ಇಳಿಯದ ಕಡೆ ಔಷಧದ ಮಾತು ಯಾರು ಎತ್ತುತ್ತಾರೆ?

ಇಷ್ಟರಲ್ಲಿ ಹೊರಗಿನಿಂದ ಎಚ್ಚರಿಕೆಗಳು ಬಂದಿದ್ದವು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ನೀರು ಸೇರುವ ಒಂದು ಸಂಸ್ಕರಣಾ ಘಟಕವಿದೆ. ಅಲ್ಲಿಂದ ಹೊರಬಂದ ನೀರಿನಲ್ಲಿ ಲೀಟರ್‌ಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದೆ ಎಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಬ್ಯಾಕ್ಟೀರಿಯಾ ಮೊಂಡಾಗದಿರಲು ಲೀಟರ್‌ಗೆ 0.064 ಮೈಕ್ರೋಗ್ರಾಂ ದಾಟಬಾರದು ಎಂಬ ಅಂದಾಜು ಬಂದದ್ದು 2016ರಲ್ಲಿ. ಎರಡರ ನಡುವೆ ಲಕ್ಷಗಟ್ಟಲೆ ಪಟ್ಟು ಅಂತರ. 2011ರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಸ್ಯಾಂಪಲ್‌ಗಳಲ್ಲಿ 51ರಲ್ಲಿ, ಪ್ರಬಲ ಆ್ಯಂಟಿಬಯಾಟಿಕ್‌ಗಳಿಗೂ ಬ್ಯಾಕ್ಟೀರಿಯಾ ಬಗ್ಗದಂತೆ ಮಾಡುವ ಎನ್‌ಡಿಎಂ-1 ಜೀನ್ ಸಿಕ್ಕಿತು, ನಲ್ಲಿ ನೀರಿನ 50 ಸ್ಯಾಂಪಲ್‌ಗಳಲ್ಲಿ ಎರಡರಲ್ಲಿ. ಆಮೇಲೆ ಚರ್ಚೆ ಕಾರ್ಖಾನೆಗಳ ಕಡೆಗೇ ವಾಲಿತು. 2020ರ ಜನವರಿಯ ಕರಡು ನಿಯಮದಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಯಾವ ಆ್ಯಂಟಿಬಯಾಟಿಕ್ ಎಷ್ಟಿರಬಹುದು ಎಂಬ ಮಿತಿ ಇತ್ತು. 2021ರ ಆಗಸ್ಟ್‌ನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿ ಇರಲಿಲ್ಲ. ಊರಿನ ಎಸ್‌ಟಿಪಿಗಳ ಮಾನದಂಡದಲ್ಲಂತೂ ಅಂಥ ಸಾಲು ಮೊದಲಿಂದಲೂ ಇಲ್ಲ. 2017ರ ಕೇಂದ್ರದ ಮಾನದಂಡ ದೊಡ್ಡ ನಗರಗಳಿಗೆ ಬಿಒಡಿ ಲೀಟರ್‌ಗೆ 20 ಮಿಲಿಗ್ರಾಂ ಎಂದಿತು, 2019ರಲ್ಲಿ ಹಸಿರು ನ್ಯಾಯಮಂಡಳಿ 10ಕ್ಕೆ ಇಳಿಸಿ ಎಂದಿತು. ಸಂಖ್ಯೆ ಬಿಗಿಯಾಯಿತು, ಅಳೆಯುವ ಪಟ್ಟಿ ಹೆಚ್ಚುಕಡಿಮೆ ಹಳೇದೇ.

ಆ ಹೊತ್ತಿಗೆ ನೀರು ಹೋಗುವ ದಿಕ್ಕೇ ಬದಲಾಗಿತ್ತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ (ಅದೇ ಕೋರಮಂಗಲ-ಚಲ್ಲಘಟ್ಟ ಕಣಿವೆ) ಶುದ್ಧೀಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆ ಮುಟ್ಟಿತು. ದಿನಕ್ಕೆ 44 ಕೋಟಿ ಲೀಟರ್ (440 ಎಂಎಲ್‌ಡಿ), 126 ಕೆರೆ ತುಂಬಿಸುವ ಯೋಜನೆ. ಕೆಲವೇ ವಾರದಲ್ಲಿ ನೊರೆ ಕಾಣಿಸಿತು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ತಡೆಯಾಜ್ಞೆ ಬಂತು, ತೆರವೂ ಆಯಿತು. ವರ್ಷಗಟ್ಟಲೆ ಒಣಗಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಮಳೆಯಿಲ್ಲದ ಜಿಲ್ಲೆಯ ರೈತರಿಗೆ ಅದು ಸಣ್ಣ ವಿಷಯವಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಅದೇ ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ನ್ಯಾಯವಾದ ಬೇಡಿಕೆಯೇ. ಆದರೆ ಮೂರನೇ ಹಂತ ಎಂದರೆ ಮಾಮೂಲಿ ಮರಳು ಫಿಲ್ಟರ್ ಮತ್ತು ಕ್ಲೋರಿನ್ ಅಷ್ಟೇ ಆದರೆ, ಕರಗಿದ ಔಷಧಕ್ಕೆ ಅದು ಸಾಲದು. ಓಝೋನ್ ಬೇಕು, ಇಲ್ಲವೇ ಆಕ್ಟಿವೇಟೆಡ್ ಕಾರ್ಬನ್ ಬೇಕು.

ಅದಕ್ಕೆ ದುಡ್ಡು ಯಾರು ಕೊಡಬೇಕು? ಸ್ವಿಟ್ಜರ್ಲೆಂಡ್ 2016ರಿಂದ ಆಯ್ದ ಘಟಕಗಳಲ್ಲಿ ಇದನ್ನು ಕಾನೂನಾಗಿಯೇ ಮಾಡಿತು. ಔಷಧ ಮತ್ತು ಸೌಂದರ್ಯ ಸಾಧನ ತಯಾರಕರು ಈ ಹೆಚ್ಚುವರಿ ಶುದ್ಧೀಕರಣದ ಕನಿಷ್ಠ 80% ವೆಚ್ಚ ಭರಿಸಬೇಕು ಎಂದು ಐರೋಪ್ಯ ಒಕ್ಕೂಟ 2024ರಲ್ಲಿ ಬರೆದುಕೊಂಡಿತು. ನಮ್ಮಲ್ಲಿ ಔಷಧದ ವಿಷಯ ಆರೋಗ್ಯ ಇಲಾಖೆಯದು, ಪೈಪು ಜಲಮಂಡಳಿಯದು, ಮಿತಿ ಮಾಲಿನ್ಯ ನಿಯಂತ್ರಣ ಮಂಡಳಿಯದು, ಕೆರೆ ಸಣ್ಣ ನೀರಾವರಿಯದು. ಅವರವರ ಕಡತ ಅವರವರ ಹತ್ತಿರ.

ಓಝೋನ್‌ಗೆ ಮೊದಲು ಮಾಡಬಹುದಾದ ಸಣ್ಣ ಕೆಲಸ ಒಂದಿದೆ, ಅದು ಅಳೆಯುವುದು. ಕೋವಿಡ್ ಕಾಲದಲ್ಲಿ ಇದೇ ಊರಿನ ಎಸ್‌ಟಿಪಿಗಳಿಂದ ವಾರವಾರ ಸ್ಯಾಂಪಲ್ ತೆಗೆದು ವೈರಸ್ ಹುಡುಕಿದ್ದಾರೆ. ಲ್ಯಾಬ್‌ಗಳಿವೆ, ದಾರಿ ಗೊತ್ತಿದೆ. ನೂರಾರು ಔಷಧ ಹುಡುಕಬೇಕಿಲ್ಲ. ಸಿಪ್ರೊಫ್ಲಾಕ್ಸಸಿನ್, ಅಜಿಥ್ರೊಮೈಸಿನ್, ಸಲ್ಫಾಮೆಥಾಕ್ಸಜೋಲ್ ಥರದ ನಾಲ್ಕೈದು ಸಾಕು. ಪ್ಲಾಂಟಿಗೆ ಬರುವ ನೀರು, ಹೋಗುವ ನೀರು, ಸ್ಲಡ್ಜ್, ಲಕ್ಷ್ಮೀಸಾಗರದಲ್ಲಿ ಬಂದು ಬೀಳುವ ನೀರು, ಇವುಗಳಿಂದ ಸ್ಯಾಂಪಲ್ ತೆಗೆದು, ಬಿಒಡಿ ಬರೆಯುವ ಅದೇ ವರದಿಯಲ್ಲಿ ಈ ಅಂಕಿಗಳನ್ನೂ ಬರೆದರೆ, ಓಝೋನ್ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎಂದು ಅಳತೆ ನೋಡಿಯೇ ತೀರ್ಮಾನಿಸಬಹುದು.