ಸದ್ದು ಯಾವ ಫ್ಯಾನಿನದು ಅಂತ ಮೊದಲು ಹುಡುಕಿ

ಆಯುಧಪೂಜೆ ಮುಗಿದ ಮೇಲಿನ ವಾರ ಶಿವಮೊಗ್ಗದ ನಮ್ಮ ಅಂಗಡಿಗೆ ಸದ್ದಿನ ದೂರು ಹೊತ್ತು ಬರುವ ಕಂಪ್ಯೂಟರ್‌ಗಳು ಜಾಸ್ತಿ. ಹೋದ ಸಲ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಸಿಪಿಯು ಎತ್ತಿಕೊಂಡು ಬಂದಿದ್ದ. "ಸಾರ್, ಮಿಕ್ಸಿ ಹಾಕಿದ ಹಾಗೆ ಸದ್ದು. ಎಸ್‌ಎಂಪಿಎಸ್ ಹೋಗಿದೆಯಂತೆ, ಬೇರೆ ಹಾಕಿಬಿಡಿ" ಅಂದ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ. ಹಾಗಂತ ಯಾರು ಹೇಳಿದರು ಅಂತ ಕೇಳಿದರೆ ಪಕ್ಕದ ಮಂಡಿಯವರು. ಕ್ಯಾಬಿನೆಟ್ಟಿನ ಬಾಗಿಲು ಬಿಚ್ಚಿ ನೋಡಿದೆ. ಪೂಜೆಯ ಹೂಮಾಲೆಯ ದಾರದ ತುಂಡೊಂದು ಪಕ್ಕದ ಜಾಲರಿಯಿಂದ ಒಳಗೆ ಹೋಗಿ, ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗೆ ಬಡಿಯುತ್ತಿತ್ತು. ಎಳೆದು ತೆಗೆದೆ, ಸದ್ದು ನಿಂತಿತು. ಎಸ್‌ಎಂಪಿಎಸ್‌ಗೆ ಏನೂ ಆಗಿರಲಿಲ್ಲ.

ಸದ್ದು ಬಂತು ಅಂದರೆ ಎಸ್‌ಎಂಪಿಎಸ್ ಹೋಯಿತು ಅನ್ನುವುದು ರೂಢಿಯಾಗಿಬಿಟ್ಟಿದೆ. ಒಂದು ಸಾಧಾರಣ ಡೆಸ್ಕ್‌ಟಾಪ್‌ನಲ್ಲಿ ಮೂರು ನಾಲ್ಕು ಫ್ಯಾನ್ ಇರುತ್ತವೆ. ಪ್ರೊಸೆಸರ್ ಮೇಲೊಂದು, ಎಸ್‌ಎಂಪಿಎಸ್ ಒಳಗೊಂದು, ಕ್ಯಾಬಿನೆಟ್ಟಿನ ಹಿಂದೊಂದು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರದೂ ಸೇರಿತು. ಯಾವುದರ ಸದ್ದು ಅಂತ ಗೊತ್ತಾಗದೆ ದುಡ್ಡು ಬಿಚ್ಚಬೇಡಿ.

ಹುಡುಕುವುದು ಕಷ್ಟವಿಲ್ಲ. ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿ. ಹಳೇ ಕ್ಯಾಲೆಂಡರ್ ಹಾಳೆಯನ್ನು ಕೊಳವೆ ತರ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನಿನ ಹತ್ತಿರ ಹಿಡಿಯಿರಿ. ಡಾಕ್ಟರ ಸ್ಟೆತಸ್ಕೋಪಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೂ ಅನುಮಾನ ಇದ್ದರೆ ಪ್ರೊಸೆಸರ್ ಫ್ಯಾನ್ ಅಥವಾ ಕ್ಯಾಬಿನೆಟ್ ಫ್ಯಾನಿನ ನಡುವೆ ಸ್ಟಿಕ್ಕರ್ ಇರುವ ಜಾಗವನ್ನು ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಒತ್ತಿ, ಎರಡು ಸೆಕೆಂಡ್ ನಿಲ್ಲಿಸಿ ಬಿಡಿ. ಸದ್ದೂ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಎಸ್‌ಎಂಪಿಎಸ್‌ಗೆ ಮಾತ್ರ ಈ ಪರೀಕ್ಷೆ ಬೇಡ. ಅದರ ಜಾಲರಿಯೊಳಗೆ ಪೆನ್ಸಿಲ್, ಕಡ್ಡಿ, ಏನನ್ನೂ ತೂರಿಸಬೇಡಿ.

ಸದ್ದಿನ ಬಗೆಯೂ ಸುಳಿವು ಕೊಡುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ಗರ್ ಅಂತ ಅರಚಿ, ಹತ್ತು ನಿಮಿಷದಲ್ಲಿ ತಾನೇ ಕಡಿಮೆಯಾದರೆ ಫ್ಯಾನಿನ ಬೇರಿಂಗ್ ಒಣಗುತ್ತಿದೆ ಅಂತ ಅರ್ಥ. ಕಡಿಮೆ ಬೆಲೆಯ ಫ್ಯಾನಿನಲ್ಲಿ ಇರುವುದು ಸ್ಲೀವ್ ಬೇರಿಂಗ್. ಸಣ್ಣ ಲೋಹದ ಕೊಳವೆಯೊಳಗೆ ಎಣ್ಣೆಯ ಪಸೆಯಲ್ಲಿ ಕಂಬಿ ತಿರುಗುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಒಣಗುತ್ತದೆ, ಕೊಳವೆ ಸವೆಯುತ್ತದೆ, ಕಂಬಿ ಅಲ್ಲಾಡುತ್ತದೆ. ಉಳಿದ ಎಣ್ಣೆ ತಣ್ಣಗಿದ್ದಾಗ ಗಟ್ಟಿ, ಬಿಸಿಯಾದರೆ ಸಡಿಲ. ಅದಕ್ಕೇ ಬೆಳಗಿನ ಹೊತ್ತು ಗಲಾಟೆ ಜಾಸ್ತಿ. ಟಕ ಟಕ ಅಂದರೆ ವೈರೋ ದಾರವೋ ರೆಕ್ಕೆಗೆ ತಾಗುತ್ತಿದೆ. ಬಿರುಗಾಳಿಯ ಹಾಗೆ ಒಂದೇ ಸಮ ಸದ್ದಿದ್ದರೆ ಧೂಳು ಕಟ್ಟಿ ಬಿಸಿ ಹೆಚ್ಚಾಗಿ, ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತಿದೆ. ಗೇಮ್ ಆಡುವಾಗ ಮಾತ್ರ ಸಣ್ಣಗೆ ಕುಂಯ್ ಅಂದರೆ ಅದು ಫ್ಯಾನೇ ಅಲ್ಲ, ಗ್ರಾಫಿಕ್ಸ್ ಕಾರ್ಡಿನಲ್ಲೋ ಎಸ್‌ಎಂಪಿಎಸ್‌ನಲ್ಲೋ ಇರುವ ಕಾಯಿಲ್, ಅಂದರೆ ತಂತಿಯ ಸುರುಳಿ, ಕಂಪಿಸುವ ಸದ್ದು. ಕಿರಿಕಿರಿ ನಿಜ, ಅಪಾಯವಿಲ್ಲ. ಹಾರ್ಡ್ ಡಿಸ್ಕ್ ಕಟ ಕಟ ಅಂದರೆ ಮಾತ್ರ ಈ ಲೇಖನ ಬದಿಗಿಟ್ಟು ಮೊದಲು ನಿಮ್ಮ ಫೋಟೋ, ಲೆಕ್ಕದ ಫೈಲು ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಬ್ಲೋವರ್ ಹಿಡಿದು ಧೂಳು ತೆಗೆಯುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗುತ್ತದೆ, ಚೆನ್ನಾಗಿದ್ದ ಬೇರಿಂಗೂ ಹಾಳಾಗುತ್ತದೆ.

ಎಣ್ಣೆ ಬಿಟ್ಟರೆ ಆಗಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ಫ್ಯಾನಿನ ನಡುವಿನ ಸ್ಟಿಕ್ಕರ್ ಎತ್ತಿ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟರೆ ಸದ್ದು ನಿಲ್ಲುವುದುಂಟು. ಆದರೆ ಸವೆದ ಕೊಳವೆ ಎಣ್ಣೆಯಿಂದ ತುಂಬಿ ಬರುವುದಿಲ್ಲ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ನಡೆಯುತ್ತದೆ. ಹೊಸ ಫ್ಯಾನ್ ಬರುವ ತನಕ ಸಾಕು ಅಷ್ಟೆ. ಕೊಬ್ಬರಿ ಎಣ್ಣೆ ಮಾತ್ರ ಖಂಡಿತ ಬೇಡ. 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಬಾಟಲಿ ನೋಡಿದ್ದೀರಲ್ಲ, ಫ್ಯಾನಿನ ಒಳಗೂ ಅದೇ ಆಗುತ್ತದೆ. ಅದರ ಮೇಲೆ ಧೂಳು ಕೂತು ಅಂಟಾಗುತ್ತದೆ. ಹಾಗೆ ಅಂಟಿಕೊಂಡು ನಿಂತೇ ಹೋದ ಫ್ಯಾನುಗಳನ್ನು ನಾನು ಎಷ್ಟೋ ಸಲ ಬಿಚ್ಚಿದ್ದೇನೆ.

ಕ್ಯಾಬಿನೆಟ್ ಫ್ಯಾನ್ ಬದಲಾಯಿಸುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ನಾಲ್ಕು ಸ್ಕ್ರೂ, ಒಂದು ವೈರು. ತಪ್ಪುವುದು ಕೊಳ್ಳುವಾಗ. ಸ್ಕ್ರೂ ತೂತಿನಿಂದ ತೂತಿಗೆ ಅಳೆದು "105 ಮಿಲಿಮೀಟರ್ ಫ್ಯಾನ್ ಕೊಡಿ" ಅನ್ನುತ್ತಾರೆ. ಅಳೆಯಬೇಕಾದ್ದು ಚೌಕಟ್ಟನ್ನು. ತೂತಿನಿಂದ ತೂತಿಗೆ 105 ಬಂದರೆ ಅದು 120 ಮಿಮೀ ಫ್ಯಾನ್, 82.5 ಬಂದರೆ 92, 71.5 ಬಂದರೆ 80. ಜಾಗ ಇದ್ದರೆ ದೊಡ್ಡದನ್ನೇ ಹಾಕಿಸಿ. ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಅಷ್ಟೇ ಗಾಳಿ ತಳ್ಳುತ್ತದೆ. ಒಂದೇ ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ, ಕಿವಿಗೆ ಅದು ದೊಡ್ಡ ವ್ಯತ್ಯಾಸ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಫ್ಯಾನಿನ ವೈರು ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿನ ಮೊಲೆಕ್ಸ್‌ಗೆ ನೇರ ಸಿಕ್ಕಿಸಿದ್ದರೆ ಅದಕ್ಕೆ ಹಗಲೂ ರಾತ್ರಿ 12 ವೋಲ್ಟ್, ಯಾವಾಗಲೂ ಪೂರ್ತಿ ವೇಗ. ಫ್ಯಾನಿಗೆ ಮೂರು ಪಿನ್ನಿನದೋ ನಾಲ್ಕು ಪಿನ್ನಿನದೋ ಸಣ್ಣ ಕನೆಕ್ಟರ್ ಇದ್ದರೆ ಅದನ್ನು ಎಲ್ಲ ಭಾಗ ಕೂರುವ ದೊಡ್ಡ ಬೋರ್ಡಾದ ಮದರ್‌ಬೋರ್ಡಿಗೆ ಹಾಕಿ, ಅದರ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಆನ್ ಮಾಡಿ. ಕೆಲವು ಸಲ ಹೊಸ ಫ್ಯಾನೇ ಬೇಕಾಗುವುದಿಲ್ಲ. ಹೊಸದನ್ನು ಕೂರಿಸುವಾಗ ಚೌಕಟ್ಟಿನ ಮೇಲಿನ ಬಾಣದ ಗುರುತು ನೋಡಿ. ಬಾಣ ಇಲ್ಲದಿದ್ದರೆ, ಮೋಟರನ್ನು ಹಿಡಿದಿರುವ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಬರುತ್ತದೆ. ಹಿಂದಿನ ಫ್ಯಾನ್ ಬಿಸಿಗಾಳಿಯನ್ನು ಹೊರಗೆ ದಬ್ಬಬೇಕು.

ಪ್ರೊಸೆಸರ್ ಫ್ಯಾನಾದರೆ ಅಡಿಯಲ್ಲಿ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಸಮೇತ ಪೂರ್ತಿ ಕೂಲರನ್ನೇ ಬದಲಿಸುವುದು ಸುಲಭ. ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಹಳೇ ಪೇಸ್ಟ್ ಒರೆಸಿ, ಹೆಸರುಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ಹಾಕಿದರೆ ಆಯಿತು. ದೋಸೆಗೆ ಬೆಣ್ಣೆ ಸವರಿದ ಹಾಗೆ ಬಳಿಯುವುದು ಬೇಡ.

ಇನ್ನು ಎಸ್‌ಎಂಪಿಎಸ್. ಇಲ್ಲಿ ನಾನು ಕಟ್ಟುನಿಟ್ಟು. ಅದರ ಒಳಗಿನ ಫ್ಯಾನೇ ಸದ್ದು ಮಾಡುತ್ತಿದೆ ಅಂತ ಖಚಿತವಾದರೆ ಡಬ್ಬಿ ಬಿಚ್ಚಬೇಡಿ, ಪೂರ್ತಿ ಎಸ್‌ಎಂಪಿಎಸ್ ಬದಲಾಯಿಸಿ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕರೆಂಟ್ ಕೂಡಿಡುವ ದಪ್ಪ ಕೆಪಾಸಿಟರಿನಲ್ಲಿ ಕೂತಿರುತ್ತದೆ. ವೈರು ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಕೆಲವು ಸಲ ತುಂಬಾ ಹೊತ್ತು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಪ್ಲಗ್ ಕಿತ್ತಿದ್ದೇನಲ್ಲ ಅಂತ ನಂಬಿ ಒಂದು ಹಳೇ ಎಸ್‌ಎಂಪಿಎಸ್ ಬಿಚ್ಚಿ ಕೈ ಹಾಕಿದ್ದೆ. ತೋಳಿನವರೆಗೂ ಹೊಡೆಯಿತು. ಬೆರಳ ತುದಿಯ ಸುಟ್ಟ ಗಾಯ ಒಣಗಲು ವಾರಗಳೇ ಬೇಕಾದವು. ಅಂದಿನಿಂದ ಮೀಟರ್ ಇಟ್ಟು ನೋಡದೆ ಅದರೊಳಗೆ ಕೈ ಹಾಕಿಲ್ಲ. ಮನೆಯಲ್ಲಿ ಮಕ್ಕಳಿಗೂ ಇದನ್ನು ಹೇಳಿಡಿ, ವಿಡಿಯೋ ನೋಡಿ ಬಿಚ್ಚುವ ಆಸೆ ಹುಟ್ಟುವುದು ಅವರಿಗೇ.

ಪೂರ್ತಿ ಬದಲಿಸಿ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಫ್ಯಾನ್ ಸೋತಿದ್ದರೆ ಒಳಗಿನ ಕೆಪಾಸಿಟರುಗಳು ಅಷ್ಟು ದಿನ ಬಿಸಿಯಲ್ಲಿ ಬೆಂದಿರುತ್ತವೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಅವುಗಳ ಆಯುಸ್ಸು ಅರ್ಧ ಆಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಲೆಕ್ಕ. ಹೊಸ ಫ್ಯಾನ್ ಹಾಕಿದರೂ ಬೆಂದ ಕೆಪಾಸಿಟರ್ ಹೊಸದಾಗುವುದಿಲ್ಲ. ಅದು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟಿನ ಸಾಲು ಹುಡುಕಿ. ಅಲ್ಲಿ 16 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ, 192 ವಾಟ್ ಬಂತು. ಇಂದಿನ ಕಂಪ್ಯೂಟರ್ ಬಹುಪಾಲು ಕರೆಂಟ್ ಎಳೆಯುವುದು ಈ 12 ವೋಲ್ಟಿನಿಂದಲೇ. ಹಾಗಾಗಿ ಮೇಲೆ 450 ಅಂತ ಬರೆದಿದ್ದರೂ ನಿಮಗೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಕಂಪ್ಯೂಟರಿಗೆ ಕರೆಂಟ್ ಪೋಲು ಕಡಿಮೆ ಅಂತ ಹೇಳುವ 80 ಪ್ಲಸ್ ಗುರುತಿರುವ ಒಳ್ಳೇ 400 ಅಥವಾ 450 ವಾಟಿನದು ಧಾರಾಳ ಸಾಕು. ಕೈಯಲ್ಲಿ ಎತ್ತಿ ನೋಡಿ, ತೀರಾ ಹಗುರ ಇದ್ದರೆ ಬಿಟ್ಟುಬಿಡಿ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಸಣ್ಣ ಆಫೀಸ್ ಡೆಸ್ಕ್‌ಟಾಪ್ ಆದರೆ ಕೊಳ್ಳುವ ಮುಂಚೆ ಬೋರ್ಡಿಗೆ ಹೋಗುವ ಕನೆಕ್ಟರಿನ ಪಿನ್ ಎಣಿಸಿ. ಎಷ್ಟೋ ಮಾಡೆಲ್‌ಗಳಲ್ಲಿ ಮಾಮೂಲಿ 24 ಪಿನ್ ಇರುವುದಿಲ್ಲ, ಡಬ್ಬಿಯ ಅಳತೆಯೂ ಬೇರೆ.

ಬದಲಿಸುವ ಮುಂಚೆ ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಹೋಗುತ್ತದೆ. ವೈರುಗಳನ್ನು ಕೀಳುವ ಮೊದಲು ಫೋನಿನಲ್ಲಿ ಎರಡು ಮೂರು ಫೋಟೋ ತೆಗೆದುಕೊಳ್ಳಿ. 24 ಪಿನ್ನಿನದು, ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನದು, ಡಿಸ್ಕಿನದು. ಪ್ರೊಸೆಸರ್ ಪಕ್ಕದ್ದನ್ನು ಮರೆಯುವವರೇ ಹೆಚ್ಚು. ಅದು ಬಿಟ್ಟುಹೋದರೆ ಫ್ಯಾನ್ ತಿರುಗುತ್ತದೆ, ಪರದೆ ಮೇಲೆ ಏನೂ ಬರುವುದಿಲ್ಲ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚುವಾಗ ಇನ್ನೊಂದು ಕೈಯಲ್ಲಿ ಎಸ್‌ಎಂಪಿಎಸ್ ಹಿಡಿದಿರಿ. ಮೇಲ್ಗಡೆ ಕೂರುವ ಮಾದರಿಯಾದರೆ ಜಾರಿ ನೇರ ಬೋರ್ಡಿನ ಮೇಲೆ ಬೀಳುತ್ತದೆ.

ಕೇಬಲ್ ಬಿಚ್ಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ತಂದವರು ದಯವಿಟ್ಟು ಇದೊಂದನ್ನು ಗಮನಿಸಿ. ಹಳೇ ಕೇಬಲ್ ಹೊಸ ಎಸ್‌ಎಂಪಿಎಸ್‌ಗೆ ಸರಿಯಾಗಿ ಕೂತರೂ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರುತ್ತದೆ. 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಹೋದರೆ ಡಿಸ್ಕ್ ಸುಟ್ಟುಹೋಗುತ್ತದೆ. ಒಬ್ಬ ಫೋಟೋಗ್ರಾಫರ್ ಹೀಗೆ ಎರಡು ಡಿಸ್ಕ್ ಸುಟ್ಟುಕೊಂಡು ಬಂದಿದ್ದರು. ಒಂದರಲ್ಲಿ ಇನ್ನೂ ಕೊಡಬೇಕಿದ್ದ ಮದುವೆ ಫೋಟೋಗಳಿದ್ದವು. ಆ ಫೋಟೋಗಳನ್ನು ವಾಪಸು ತೆಗೆದುಕೊಡಲು ನನ್ನ ಕೈಲಿ ಆಗಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಬಾಗಿಲು ಮುಚ್ಚುವ ಮುಂಚೆ ಒಮ್ಮೆ ಆನ್ ಮಾಡಿ ಕಾಗದದ ಕೊಳವೆಯಲ್ಲಿ ಮತ್ತೆ ಕೇಳಿ. ಆಗ ಎಸ್‌ಎಂಪಿಎಸ್ ಫ್ಯಾನ್ ತಿರುಗದೆ ಸುಮ್ಮನಿದ್ದರೆ ಗಾಬರಿ ಬೇಡ. ಕೆಲವು ಮಾಡೆಲ್‌ಗಳಲ್ಲಿ ಲೋಡ್, ಅಂದರೆ ಎಳೆಯುವ ಕರೆಂಟ್, ಕಡಿಮೆ ಇರುವ ತನಕ ಫ್ಯಾನ್ ತಿರುಗುವುದೇ ಇಲ್ಲ. ನಿಮ್ಮದು ಅಂಥದ್ದೇ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ನೋಡಿ. ಹಾಗೆ ಬರೆದಿಲ್ಲದಿದ್ದರೆ ಅವತ್ತೇ ಬಿಲ್ಲಿನ ಸಮೇತ ಅಂಗಡಿಗೆ ತೆಗೆದುಕೊಂಡು ಹೋಗಿ.