ಟ್ರ್ಯಾಕ್‌ಗೆ ಸೆಕೆಂಡ್ ಹ್ಯಾಂಡ್ ಬೈಕ್: 600 ಸಾಕಾ, 1000 ಬೇಕಾ?

ಪ್ರಶ್ನೆ: ಎರಡು ವರ್ಷದಿಂದ ಕವಾಸಕಿ ನಿಂಜಾ 400 ಬೈಕಿನಲ್ಲಿ ಟ್ರ್ಯಾಕ್ ಡೇಗಳಿಗೆ (ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಗಾಡಿ ಓಡಿಸಲು ಸಿಗುವ ದಿನಗಳು) ಹೋಗುತ್ತಿದ್ದೇನೆ. ತಿರುವುಗಳಲ್ಲಿ ದೊಡ್ಡ ಬೈಕ್‌ಗಳನ್ನು ಹಿಡಿಯುತ್ತೇನೆ. ನೇರ ದಾರಿ ಬಂದ ಕೂಡಲೇ ಅವರು ಕೈಗೆ ಸಿಗುವುದಿಲ್ಲ. ಜಾಸ್ತಿ ಪವರ್ ಇರುವ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳಬೇಕು ಅಂತಿದ್ದೇನೆ. 600 ಸಾಕಾ, ನೇರ 1000 ಸಿಸಿಗೇ ಹೋಗಲಾ?

ಉತ್ತರ: ಸದ್ಯಕ್ಕೆ 1000 ಬೇಡ. ನಿಮಗೆ ಓಡಿಸಲು ಬರುತ್ತದೆ, ಅನುಮಾನವಿಲ್ಲ. ಆದರೆ ಇಷ್ಟು ಚೆನ್ನಾಗಿ ಸಾಗಿರುವ ಕಲಿಕೆ ಅಲ್ಲಿಗೇ ನಿಂತುಬಿಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ನಿಂಜಾ 400ರ ಪವರ್ 45 ಎಚ್‌ಪಿ ಆಸುಪಾಸು. ಒಂದು ಲ್ಯಾಪ್‌ನಲ್ಲಿ ಬಹಳ ಹೊತ್ತು ಥ್ರಾಟಲ್ ಪೂರ್ತಿ ತಿರುಗಿಸಿಕೊಂಡೇ ಇರುತ್ತೀರಿ, ಅಲ್ವಾ? 2015ರ ನಂತರದ ಯಮಹಾ ಆರ್1 ಸುಮಾರು 200 ಎಚ್‌ಪಿ ಗಾಡಿ. ಎರಡನೇ ಗೇರ್‌ನಲ್ಲೇ ಗಂಟೆಗೆ 150 ಕಿ.ಮೀ. ದಾಟುತ್ತದೆ. ಅದರಲ್ಲಿ ಥ್ರಾಟಲ್ ಪೂರ್ತಿ ತಿರುಗಿಸುವ ಅವಕಾಶ ಸಿಗುವುದೇ ಕೆಲವು ಕ್ಷಣ. ಅಷ್ಟರಲ್ಲಿ ಬ್ರೇಕ್ ಹಿಡಿಯುವ ಜಾಗ ಎದುರಿಗೆ ಬಂದಿರುತ್ತದೆ. ನೇರ ದಾರಿಯ ಕೊನೆಯಲ್ಲಿ 160ರ ಬದಲು 240ರಲ್ಲಿದ್ದರೆ, ವೇಗ ಒಂದೂವರೆ ಪಟ್ಟು. ಬ್ರೇಕ್ ತಡೆಯಬೇಕಾದ ಶಕ್ತಿ ಮಾತ್ರ ಎರಡೂಕಾಲು ಪಟ್ಟು. ಹೆದರಿಕೆ ಸಹಜ. ಬೇಗ ಬ್ರೇಕ್ ಹಿಡಿದು, ತಿರುವಿನಲ್ಲಿ ನಿಧಾನವಾಗಿ ಸುತ್ತಿ, ಗಾಡಿ ನೆಟ್ಟಗಾದ ಮೇಲೆ ಮತ್ತೆ ಥ್ರಾಟಲ್ ಕೊಡುವುದು ಅಭ್ಯಾಸವಾಗುತ್ತದೆ. ನೀವು ತಿರುವಿನಲ್ಲಿ ಹಿಡಿಯುತ್ತಿರುವ ದೊಡ್ಡ ಬೈಕಿನವರಲ್ಲಿ ಹಲವರು ಮಾಡುತ್ತಿರುವುದು ಇದನ್ನೇ.

ಹಾಗಾದರೆ ಮಧ್ಯದಲ್ಲಿ ಏನಿದೆ? ನಾಲ್ಕು ಸಿಲಿಂಡರ್‌ನ 600ಗಳು ಮೊದಲು: ಯಮಹಾ ಆರ್6, ಹೋಂಡಾ ಸಿಬಿಆರ್600ಆರ್‌ಆರ್, ಸುಜುಕಿ ಜಿಎಸ್‌ಎಕ್ಸ್-ಆರ್600. ಪವರ್ ಸುಮಾರು 110ರಿಂದ 120 ಎಚ್‌ಪಿ, ಆದರೆ ಅದೆಲ್ಲ ಇರುವುದು ಮೇಲಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಬಹಳ ಸುತ್ತು ತಿರುಗುವಾಗ. ಆರ್6 ಪೂರ್ತಿ ಪವರ್ ಕೊಡುವುದು 14,500ರ ಹತ್ತಿರ. ಹತ್ತು ಸಾವಿರದಿಂದ ಕೆಳಗಿಳಿದರೆ ಗಾಡಿ ಮಂಕಾಗುತ್ತದೆ. ಪ್ರತಿ ತಿರುವಿಗೂ ಸರಿಯಾದ ಗೇರ್ ಹುಡುಕಲೇಬೇಕು. ಎರಡು ಸಿಲಿಂಡರ್‌ನವು ಇದಕ್ಕೆ ತದ್ವಿರುದ್ಧ. 689 ಸಿಸಿಯ ಯಮಹಾ ಆರ್7ಗೆ 73 ಎಚ್‌ಪಿ, ಎಪ್ರಿಲಿಯಾ ಆರ್‌ಎಸ್ 660ಗೆ 100 ಎಚ್‌ಪಿ. ಕೆಳಗಿನಿಂದಲೇ ಪಿಕಪ್ ಇರುತ್ತದೆ, ಗೇರ್ ತಪ್ಪಾದರೂ ನಡೆಯುತ್ತದೆ. ಮೂರು ಸಿಲಿಂಡರ್‌ನ ಟ್ರಯಂಫ್ ಡೇಟೋನಾ 675 ಇವೆರಡರ ನಡುವೆ ನಿಲ್ಲುತ್ತದೆ.

ನಿಮಗೆ ನಾನು ಹೇಳುವುದು ನಾಲ್ಕು ಸಿಲಿಂಡರ್‌ನ 600. 400ರಲ್ಲಿ ತಿರುವಿನ ವೇಗ ಉಳಿಸಿಕೊಳ್ಳಲು ಕಲಿತಿದ್ದೀರಿ. ಆ ಗಾಡಿ ಕೇಳುವುದೂ ಅದನ್ನೇ.

ಆದರೆ ಯಾವ ಮಾಡೆಲ್ ಅನ್ನುವುದಕ್ಕಿಂತ, ನಿಮ್ಮ ಮುಂದೆ ನಿಂತಿರುವ ಆ ಒಂದು ಗಾಡಿ ಹೇಗಿದೆ ಅನ್ನುವುದು ಮುಖ್ಯ. ಟ್ರ್ಯಾಕ್ ಗಾಡಿ ಬಿದ್ದಿರುವುದು ದೊಡ್ಡ ತಪ್ಪಲ್ಲ. ಪಕ್ಕಕ್ಕೆ ಜಾರಿ ಫೇರಿಂಗ್ (ಗಾಡಿಯ ಹೊರಕವಚ) ಗೀರಾಗಿದ್ದರೆ ಚಿಂತೆ ಬೇಡ. ಉರುಳಿಕೊಂಡು ಹೋದ ಗಾಡಿ ಬೇಡ. ಇದನ್ನು ಕಂಡುಹಿಡಿಯಲು ನಾನು ಮೊದಲು ನೋಡುವುದು ಹ್ಯಾಂಡಲ್‌ನ ಸ್ಟಾಪರ್. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಡೆಯುವ ಸಣ್ಣ ಗುಬುಟು ಅದು, ಚಾಸಿಯ ಕತ್ತಿನ ಹತ್ತಿರ ಇರುತ್ತದೆ. ಅದು ಜಜ್ಜಿದ್ದರೆ ಅಥವಾ ಮುರಿದಿದ್ದರೆ ಪೆಟ್ಟು ಜೋರಾಗಿಯೇ ಬಿದ್ದಿದೆ. ಫೇರಿಂಗ್ ಹೊಸದು ಹಾಕಬಹುದು, ಇದನ್ನು ಮುಚ್ಚಿಡುವುದು ಕಷ್ಟ. ಆಮೇಲೆ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನವಾಗಿ ಆಚೀಚೆ ತಿರುಗಿಸಿ. ಮಧ್ಯದಲ್ಲಿ ಸಿಕ್ಕಿಕೊಂಡಂತೆ ಆದರೆ ಬೇರಿಂಗ್ ಹೋಗಿದೆ ಅಂತ.

ಎರಡನೆಯದು ಗೇರ್. ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಎರಡನೇ ಗೇರ್. ವೀಲಿ ಮಾಡಿ (ಮುಂದಿನ ಚಕ್ರ ಎತ್ತಿ ಓಡಿಸಿ), ಕ್ಲಚ್ ಹಿಡಿಯದೆ ಒರಟಾಗಿ ಗೇರ್ ಹಾಕಿ ಹಾಳುಮಾಡಿರುತ್ತಾರೆ. ನನ್ನ ಮೊದಲ 600 ಕೊಳ್ಳುವಾಗ ನಾನು ಇದನ್ನು ನೋಡಲಿಲ್ಲ. ಮೆಲ್ಲಗೆ ಒಂದು ಸುತ್ತು ಓಡಿಸಿದೆ, ಚೆನ್ನಾಗಿಯೇ ಇತ್ತು. ಟ್ರ್ಯಾಕ್‌ನಲ್ಲಿ ತಿರುವಿನಿಂದ ಹೊರಬರುತ್ತಾ ಥ್ರಾಟಲ್ ಪೂರ್ತಿ ಕೊಟ್ಟಾಗ ಎರಡನೇ ಗೇರ್ ಬಿಟ್ಟುಹೋಯಿತು. ಎಂಜಿನ್ ಸುಮ್ನೆ ಕಿರುಚುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಹಿಂದೆ ಬರುತ್ತಿದ್ದವರು ಗುದ್ದದೆ ಪಾರಾದದ್ದು ಪುಣ್ಯ. ಕೊನೆಗೆ ಎಂಜಿನ್ ಇಳಿಸಿ ಬಿಚ್ಚಬೇಕಾಯಿತು. ಹಾಗಾಗಿ ಸುರಕ್ಷಿತ ಜಾಗದಲ್ಲಿ ಎರಡನೇ ಗೇರ್‌ನಲ್ಲಿ ಜೋರಾಗಿ ಎಳೆಸಿ ನೋಡದೆ ಹಣ ಕೊಡಬೇಡಿ.

ನೋಡಲು ಹೋಗುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ. ಹೋದ ಕೂಡಲೇ ಎಂಜಿನ್ ತಣ್ಣಗಿದೆಯಾ ಅಂತ ಹುಷಾರಾಗಿ ನೋಡಿ. ಕೆಲವು ಸದ್ದು, ಹೊಗೆ ತಣ್ಣಗಿದ್ದಾಗ ಮಾತ್ರ ಕಾಣುತ್ತವೆ. ಬ್ರೇಕ್ ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ, ಅಳೆದುಬಿಡಿ. ಟೈರ್ ಮೇಲಿನ ನಾಲ್ಕು ಅಂಕಿಯನ್ನೂ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಫೋರ್ಕ್ ಸೀಲ್ (ಮುಂದಿನ ಸಸ್ಪೆನ್ಷನ್‌ನ ಆಯಿಲ್ ಸೋರದಂತೆ ತಡೆಯುವ ರಬ್ಬರ್), ಚೈನ್ ಎಲ್ಲ ಬದಲಾಯಿಸುವ ವಸ್ತುಗಳು, ಬೆಲೆ ಇಳಿಸಲು ಬಳಸಿಕೊಳ್ಳಿ. ಚಾಸಿ ನಂಬರ್ ಕಾಗದಪತ್ರಕ್ಕೆ ಹೊಂದದಿದ್ದರೆ ಮಾತ್ರ ಅಲ್ಲಿಂದಲೇ ಹೊರಟುಬಿಡಿ.

ಆಗಲೇ ಟ್ರ್ಯಾಕ್‌ಗೆ ಸಿದ್ಧಮಾಡಿದ ಗಾಡಿ ಸಿಕ್ಕರೆ ತುಂಬ ಒಳ್ಳೆಯದು. ಫೈಬರ್ ಫೇರಿಂಗ್, ಕ್ರ್ಯಾಶ್ ಗಾರ್ಡ್, ಆಯಿಲ್ ಬೋಲ್ಟ್ ಸಡಿಲವಾಗದಂತೆ ತಂತಿ ಬಿಗಿದಿರುವುದು, ಒಳ್ಳೆಯ ಸಸ್ಪೆನ್ಷನ್, ಇವನ್ನೆಲ್ಲ ಒಂದೊಂದಾಗಿ ಹಾಕಿಸಲು ಹೋದರೆ ಬಹಳ ಖರ್ಚು. ಸ್ಪ್ರಿಂಗ್ ಮಾತ್ರ ಹಿಂದಿನವರ ತೂಕಕ್ಕೆ ಹಾಕಿಸಿದ್ದಾ ಅಂತ ಕೇಳಿ. ಮನೆಗೆ ತಂದ ಮೇಲೆ ಮೊದಲ ಕೆಲಸ ಹೊಸ ಬ್ರೇಕ್ ಫ್ಲೂಯಿಡ್. ಹಳೆಯದು ತೇವ ಹೀರಿಕೊಂಡಿರುತ್ತದೆ, ಬಿಸಿಯಾದಾಗ ಲಿವರ್ ಸ್ಪಂಜಿನಂತಾಗುತ್ತದೆ.

ಸಾಧ್ಯವಾದರೆ 400 ಅನ್ನು ತಕ್ಷಣ ಮಾರಬೇಡಿ. ಒಂದೇ ಟ್ರ್ಯಾಕ್‌ನಲ್ಲಿ ಎರಡನ್ನೂ ಓಡಿಸಿ, ಒಂದು ತಿರುವು ಆರಿಸಿಕೊಂಡು ಅದರ ಮಧ್ಯದಲ್ಲಿ ನಿಮ್ಮ ವೇಗ ಎಷ್ಟು ಅಂತ ಜಿಪಿಎಸ್ ಲ್ಯಾಪ್ ಟೈಮರ್‌ನಲ್ಲಿ ನೋಡಿ. 600ರಲ್ಲಿ ಅದು 400ಕ್ಕಿಂತ ಕಡಿಮೆ ಬಂದರೆ, ಮುಂದಿನ ಕೆಲವು ಟ್ರ್ಯಾಕ್ ಡೇಗಳಲ್ಲಿ ಮಾಡಬೇಕಾದ ಕೆಲಸ ಅದೇ ತಿರುವಿನಲ್ಲಿದೆ.